ಸಂತನ ಸಖ, ಸತ್ಯದ ಸಾಕ್ಷಿ: ಜಾಂ ದ ಜ್ವಾನ್‌ವಿಲ್ಲನ ಜೀವನ

ಮಹಾತ್ಮರ ಚರಿತ್ರೆಗಳನ್ನು ಬರೆದವರು ಬಹುಮಟ್ಟಿಗೆ ಅವರ ಭಕ್ತರೇ ಆಗಿರುತ್ತಾರೆ. ಭಕ್ತಿಯಿಲ್ಲದವನಿಗೆ ಅಂತಹ ಚರಿತ್ರೆಯನ್ನು ಬರೆಯಬೇಕೆಂಬ ಹಂಬಲವೇ ಹುಟ್ಟದು. ಆದರೆ ಭಕ್ತಿಯೊಂದೇ ಇದ್ದು ಸತ್ಯನಿಷ್ಠೆಯಿಲ್ಲದಿದ್ದರೆ ಚರಿತ್ರೆಯು ಸ್ತೋತ್ರವಾಗಿಬಿಡುತ್ತದೆ. ಚರಿತ್ರನಾಯಕನು ಹೊಗಳಿಕೆಯ ಹೊಗೆಯಲ್ಲಿ ಮರೆಯಾಗುತ್ತಾನೆ. ಭಕ್ತಿಗೂ ಕುಂದು ಬಾರದಂತೆ, ಸತ್ಯಕ್ಕೂ ಲೋಪವಾಗದಂತೆ ಒಬ್ಬ ಮಹಾಪುರುಷನ ಬಾಳನ್ನು ಹೇಳುವುದು ಸಾಧ್ಯವೇ? ಸಾಧ್ಯವೆಂಬುದಕ್ಕೆ ಹದಿಮೂರನೆಯ ಶತಮಾನದ ಫ್ರಾನ್ಸ್ ದೇಶದ ಒಬ್ಬ ಸರದಾರನ ಜೀವನ ಹಾಗೂ ಗ್ರಂಥಗಳು ನಿದರ್ಶನವಾಗಿವೆ. ಆತನೇ ಜಾಂ ದ ಜ್ವಾನ್‌ವಿಲ್. ಫ್ರಾನ್ಸಿನ ಅರಸನಾಗಿದ್ದು ಮರಣಾನಂತರ ಸಂತಪದವಿಗೇರಿದ 9ನೆಯ ಲೂಯಿಯ ಆಪ್ತಮಿತ್ರನೂ, ಯುದ್ಧಸಂಗಾತಿಯೂ, ಚರಿತ್ರಕಾರನೂ ಆಗಿದ್ದವನು. ಇಂತಹ ಪ್ರಭುವಿನ ಬೆನ್ನಹಿಂದೆ ಒಮ್ಮೆ ಸಮುದ್ರ ದಾಟಿ ಹೋದವನು. ಮತ್ತೊಮ್ಮೆ ಅದೇ ಪ್ರಭು ಕರೆದಾಗ ಬರಲಾರೆನೆಂದು ನಿಂತವನು. ಈ ಹೋದದ್ದಕ್ಕೂ ನಿಂತದ್ದಕ್ಕೂ ಕಾರಣ ಒಂದೇ ಎಂಬುದನ್ನು ಅರಿತರೆ ಆತನ ಬಾಳಿನ ತಿರುಳು ನಮಗೆ ದೊರೆತಂತೆ.

ಮನೆತನ ಮತ್ತು ಕಾಲ

ಜ್ವಾನ್‌ವಿಲ್ ಎಂಬುದು ಪೂರ್ವ ಫ್ರಾನ್ಸಿನ ಶಾಂಪೇನ್ ಪ್ರಾಂತದಲ್ಲಿ ಮಾರ್ನ್ ನದಿಯ ದಡದ ಮೇಲಿರುವ ಒಂದು ಊರು. ಅಲ್ಲಿನ ಕೋಟೆಯ ಒಡೆಯರ ಮನೆಯಲ್ಲಿ ನಮ್ಮ ಕಥಾನಾಯಕನು 1224 ಅಥವಾ 1225ರಲ್ಲಿ ಜನಿಸಿದನು. ತಂದೆ ಸಿಮೋನನು 1233ರಲ್ಲಿ ತೀರಿಕೊಂಡುದರಿಂದ ತಾಯಿ ಬೇಯಾತ್ರಿಸಳೇ ಹುಡುಗನನ್ನು ಬೆಳೆಸಬೇಕಾಯಿತು. ಶಾಂಪೇನಿನ ಪ್ರಭುವಿಗೆ 'ಸೆನೆಷಲ್' ಆಗಿರುವುದು, ಎಂದರೆ ಆತನ ಅರಮನೆಯ ಆಡಳಿತದ ಮುಖ್ಯಾಧಿಕಾರಿಯಾಗಿರುವುದು, ಈ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಹಕ್ಕು. ಆಗಿನ ಶಾಂಪೇನಿನ ಪ್ರಭು ತಿಬೋ ನವಾರ್ ದೇಶಕ್ಕೂ ಅರಸ. ಜೊತೆಗೆ ಪ್ರೇಮಗೀತೆಗಳಿಗೆ ಹೆಸರಾದ ಕವಿ. ಆತನ ಆಸ್ಥಾನದಲ್ಲಿ ಬಾಲಕನು ರಾಜಸಭೆಯ ನಡವಳಿಕೆಗಳನ್ನೂ ಮಾತಿನ ಸೊಗಸನ್ನೂ ಕಲಿತನು. 1241ರಲ್ಲಿ ಸೊಮ್ಯೂರ್ ಎಂಬಲ್ಲಿ ಲೂಯಿ ಅರಸನು ನಡೆಸಿದ ದೊಡ್ಡ ಔತಣದಲ್ಲಿ ತಿಬೋವಿನ ಮುಂದೆ ನಿಂತು ಬಡಿಸುವ ಸೇವೆಯನ್ನು ಈತನು ಮಾಡಿದ್ದನು.

ಅದು ಕ್ರುಸೇಡ್ ಎಂದು ಹೆಸರಾದ ಧರ್ಮಯುದ್ಧಗಳ ಕಾಲ. ಯೇಸುಕ್ರಿಸ್ತನು ನಡೆದಾಡಿದ ನಾಡೆಂದು ಕ್ರೈಸ್ತರು ಪೂಜ್ಯವಾಗಿ ಭಾವಿಸುವ ಜೆರೂಸಲೇಮನ್ನು ಮುಸಲ್ಮಾನ ಅರಸರ ಕೈಯಿಂದ ಗೆದ್ದುಕೊಳ್ಳುವುದಕ್ಕಾಗಿ 1095ರಲ್ಲಿ ಪೋಪ್ 2ನೆಯ ಅರ್ಬನ್ನನು ಕರೆ ಕೊಟ್ಟಂದಿನಿಂದ ಪಶ್ಚಿಮ ಯೂರೋಪಿನ ಸರದಾರರು ಅಲೆಯಲೆಯಾಗಿ ಹೊರಟಿದ್ದರು. ಬಟ್ಟೆಯ ಶಿಲುಬೆಯನ್ನು ಉಡುಪಿನ ಮೇಲೆ ಹೊಲಿಸಿಕೊಂಡು ಪ್ರತಿಜ್ಞೆ ಮಾಡುವುದು ವಾಡಿಕೆ. ಇದಕ್ಕೆ 'ಶಿಲುಬೆ ಧರಿಸುವುದು' ಎನ್ನುತ್ತಿದ್ದರು. 1244ರಲ್ಲಿ ಜೆರೂಸಲೇಮ್ ಮತ್ತೆ ಕ್ರೈಸ್ತರ ಕೈತಪ್ಪಿತು. ಅದೇ ವರ್ಷದ ಕೊನೆಗೆ ಲೂಯಿ ಅರಸನು ಸಾಯುವಷ್ಟು ಕಾಯಿಲೆ ಬಿದ್ದು, ಚೇತರಿಸಿಕೊಂಡೊಡನೆಯೇ ಶಿಲುಬೆ ಧರಿಸಿದನು. ಜ್ವಾನ್‌ವಿಲ್ಲನ ಮನೆತನದಲ್ಲಿ ಹಿರಿಯರು ತಲೆತಲಾಂತರದಿಂದ ಇಂತಹ ಯಾತ್ರೆಗಳಿಗೆ ಹೋದವರು; ಅಲ್ಲಿಯೇ ಮಡಿದವರೂ ಉಂಟು. ಇಪ್ಪತ್ತಮೂರರ ಪ್ರಾಯದ ತರುಣನೂ ಹೊರಟನು.

ಹೊರಡುವ ಮುನ್ನ

ಹೊರಡುವುದಕ್ಕೆ ಮುಂಚೆ ಆತನು ಮಾಡಿದ ಕೆಲಸವು ಗಮನಾರ್ಹವಾದುದು. 1248ರ ಈಸ್ಟರ್ ಹಬ್ಬದ ಹಿಂದಿನ ದಿನ ಆತನಿಗೆ ಗಂಡುಮಗು ಹುಟ್ಟಿತ್ತು. ಬಂಧುಗಳೂ ಅಧೀನದ ಸರದಾರರೂ ಕೋಟೆಯಲ್ಲಿ ನೆರೆದು ವಾರವೆಲ್ಲ ಹಾಡು ಕುಣಿತಗಳಲ್ಲಿ ಕಳೆದರು. ಶುಕ್ರವಾರ ಜ್ವಾನ್‌ವಿಲ್ಲನು ಅವರೆಲ್ಲರನ್ನೂ ಕರೆದು, ತಾನು ಕಡಲಾಚೆ ಹೋಗುತ್ತಿರುವೆನೆಂದೂ, ಮರಳುವೆನೋ ಇಲ್ಲವೋ ತಿಳಿಯದೆಂದೂ, ತನ್ನಿಂದ ಯಾರಿಗಾದರೂ ಅನ್ಯಾಯವಾಗಿದ್ದರೆ ಹೇಳಬೇಕೆಂದೂ, ತಕ್ಕ ಪರಿಹಾರ ಕೊಡುವೆನೆಂದೂ ತಿಳಿಸಿದನು. ಆ ಮೇಲೆ, ತಾನು ಎದುರಿಗಿದ್ದರೆ ಅವರು ದಾಕ್ಷಿಣ್ಯಕ್ಕೆ ಸಿಲುಕುವರೆಂದು ಸಭೆಯಿಂದ ಎದ್ದುಹೋದನು. ಅವರು ತೀರ್ಮಾನಿಸಿದುದನ್ನು ಎದುರಾಡದೆ ಒಪ್ಪಿಕೊಂಡನು. ಅನ್ಯಾಯವಾಗಿ ಬಂದ ಒಂದು ಕಾಸನ್ನೂ ಜೊತೆಗೊಯ್ಯಬಾರದೆಂಬುದು ಆತನ ಸಂಕಲ್ಪ. ಖರ್ಚಿಗಾಗಿ ತನ್ನ ಭೂಮಿಯ ಬಹುಭಾಗವನ್ನು ಒತ್ತೆಯಿಟ್ಟನು. ತಾಯಿ ಬದುಕಿದ್ದುದರಿಂದ ಆತನ ಕೈಗೆ ಬರುತ್ತಿದ್ದ ವರಮಾನ ವರ್ಷಕ್ಕೆ 1000 ಲಿವ್ರ್ ನಾಣ್ಯಗಳಿಗೂ ಕಡಿಮೆಯಾಗಿತ್ತು.

ಆ ಬಳಿಕ ಬರಿಗಾಲಿನಲ್ಲಿ, ಅಂಗಿಯೊಂದನ್ನೇ ತೊಟ್ಟು, ಸಮೀಪದ ಬ್ಲೇಕೂರ್ ಮತ್ತು ಸೇಂಟ್ ಉರ್ಬೇನ್ ಕ್ಷೇತ್ರಗಳಿಗೆ ಯಾತ್ರೆ ಹೋದನು. ದಾರಿಯಲ್ಲಿ ಒಮ್ಮೆಯೂ ಹಿಂದಿರುಗಿ ತನ್ನ ಕೋಟೆಯತ್ತ ನೋಡಲಿಲ್ಲವಂತೆ. ನೋಡಿದರೆ ಆ ಚೆಲುವಾದ ಮನೆಯನ್ನೂ ಅದರೊಳಗೆ ಬಿಟ್ಟುಬಂದ ಎರಡು ಮಕ್ಕಳನ್ನೂ ನೆನೆದು ಎದೆ ಕರಗೀತೆಂಬ ಭಯ. ಅರುವತ್ತು ವರ್ಷಗಳ ಅನಂತರ ಆ ಗಳಿಗೆಯನ್ನು ನೆನೆದು ಬರೆಯಿಸಿದಾಗಲೂ ಆತನು ಈ ದೌರ್ಬಲ್ಯವನ್ನು ಮುಚ್ಚಿಡಲಿಲ್ಲ. ವೈರಾಗ್ಯದ ಆಡಂಬರವಿಲ್ಲದ ಈ ಒಂದು ಮಾತಿನಿಂದಲೇ ಸಹೃದಯರಿಗೆ ಆತನು ಆಪ್ತನಾಗಿಬಿಡುತ್ತಾನೆ.

1248ರ ಆಗಸ್ಟ್ ತಿಂಗಳಲ್ಲಿ ಮಾರ್ಸೇಲ್ ಬಂದರಿನಲ್ಲಿ ಹಡಗು ಹತ್ತಿ ಸೈಪ್ರಸ್ ದ್ವೀಪವನ್ನು ಮುಟ್ಟಿದನು. ಹಡಗಿನ ಬಾಡಿಗೆ ಕೊಟ್ಟ ಮೇಲೆ ಕೈಯಲ್ಲಿ ಉಳಿದದ್ದು 240 ಲಿವ್ರ್ ಮಾತ್ರ. ಹಣವಿಲ್ಲದಿದ್ದರೆ ಬಿಟ್ಟುಹೋಗುವೆವೆಂದು ಜೊತೆಯ ಯೋಧರಲ್ಲಿ ಕೆಲವರು ಹೇಳತೊಡಗಿದರು. ಆಗ ಲೂಯಿ ಅರಸನು ಆತನನ್ನು ಕರೆಯಿಸಿಕೊಂಡು, 800 ಲಿವ್ರ್ ಕೊಟ್ಟು, ತನ್ನ ಸೇವೆಗೆ ಸೇರಿಸಿಕೊಂಡನು. ಅರಸನ ಜೀವಿತಾಂತ್ಯದವರೆಗೂ ನಡೆದ ಸ್ನೇಹವು ಹೀಗೆ ಒಂದು ಹಣದ ಅಡಚಣೆಯಿಂದ ಪ್ರಾರಂಭವಾಯಿತು.

ನೈಲ್ ನದಿಯ ತೀರದಲ್ಲಿ

ಜೆರೂಸಲೇಮಿನ ಬೀಗದ ಕೈ ಈಜಿಪ್ಟಿನ ಸುಲ್ತಾನನಲ್ಲಿದೆ ಎಂಬುದು ಆಗಿನ ಲೆಕ್ಕಾಚಾರ. ಆದುದರಿಂದ ಸೈನ್ಯವು 1249ರ ಜೂನ್ ತಿಂಗಳಲ್ಲಿ ಈಜಿಪ್ಟಿನ ದಮಿಯೆತ್ತಾ ಬಂದರಿನ ಬಳಿ ಇಳಿದು ಅದನ್ನು ಸುಲಭವಾಗಿ ವಶಪಡಿಸಿಕೊಂಡಿತು. ಮುಂದೆ ನೈಲ್ ನದಿಯ ಕವಲುಗಳ ಗುಂಟ ಸಾಗಿದ ಸೈನ್ಯವು ಮನ್ಸೂರಾ ಪಟ್ಟಣದ ಎದುರು ತಡೆದು ನಿಂತಿತು. 1250ರ ಫೆಬ್ರವರಿ 8ರಂದು ನಡೆದ ಯುದ್ಧದಲ್ಲಿ ಅರಸನ ತಮ್ಮ ರೊಬೇರನು ದುಡುಕಿ ಪಟ್ಟಣದೊಳಗೆ ನುಗ್ಗಿ ತನ್ನ ಪಡೆಯೊಡನೆ ಹತನಾದನು. ಜ್ವಾನ್‌ವಿಲ್ಲನು ಸ್ವಾಸ್ಸೋನಿನ ಪ್ರಭುವಿನ ಜೊತೆಯಲ್ಲಿ ಒಂದು ಕಿರುಸೇತುವೆಯನ್ನು ಕಾದು ನಿಂತನು. ಆತನಿಗೆ ಐದು ಕಡೆ, ಆತನ ಕುದುರೆಗೆ ಹದಿನೈದು ಕಡೆ ಬಾಣದ ಗಾಯಗಳಾದವು. ಬಾಣಗಳ ಮಳೆಯ ನಡುವೆಯೂ ಸ್ವಾಸ್ಸೋನಿನ ಪ್ರಭುವು, ಈ ದಿನದ ಸಂಗತಿಯನ್ನು ಮುಂದೊಮ್ಮೆ ಅಂತಃಪುರದ ಹೆಂಗಸರ ಮುಂದೆ ಹೇಳಿಕೊಂಡು ನಗೋಣವೆಂದು ಹಾಸ್ಯ ಮಾಡಿದುದನ್ನು ನಮ್ಮ ಲೇಖಕನು ಮರೆಯದೆ ದಾಖಲಿಸಿದ್ದಾನೆ.

ಶತ್ರುಗಳು ಯಂತ್ರಗಳಿಂದ ಎಸೆಯುತ್ತಿದ್ದ 'ಗ್ರೀಕ್ ಬೆಂಕಿ'ಯ ವರ್ಣನೆಯು ಆತನ ಗ್ರಂಥದ ಪ್ರಸಿದ್ಧ ಭಾಗಗಳಲ್ಲೊಂದು. ದೊಡ್ಡ ಪೀಪಾಯಿಯಷ್ಟು ಗಾತ್ರ, ಈಟಿಯುದ್ದದ ಬಾಲ, ಸಿಡಿಲಿನಂಥ ಸದ್ದು, ಹಗಲಿನಂಥ ಬೆಳಕು. ಆಕಾಶದಲ್ಲಿ ಹಾರಿಬರುವ ಘಟಸರ್ಪದಂತೆ ಅದು ಕಾಣುತ್ತಿತ್ತಂತೆ. ಅದು ಬಿದ್ದಾಗಲೆಲ್ಲ ಅರಸನು ಹಾಸಿಗೆಯಲ್ಲಿ ಎದ್ದು ಕುಳಿತು, ಕೈಚಾಚಿ, ತನ್ನ ಜನರನ್ನು ಕಾಪಾಡೆಂದು ಅಳುತ್ತ ದೇವರನ್ನು ಬೇಡುತ್ತಿದ್ದನು. ಆ ಪ್ರಾರ್ಥನೆಗಳು ನಮಗೆ ಉಪಕಾರ ಮಾಡಿದವೆಂದು ಜ್ವಾನ್‌ವಿಲ್ಲನು ನಂಬಿದ್ದನು.

ಯುದ್ಧಕ್ಕಿಂತ ಘೋರವಾದುದು ಅನಂತರ ಬಂದ ರೋಗ. ತೊಡೆಕಾಲುಗಳ ಮಾಂಸ ಒಣಗಿ, ಚರ್ಮದ ಮೇಲೆ ಕಪ್ಪು ಮಚ್ಚೆಗಳೆದ್ದು, ವಸಡುಗಳು ಕೊಳೆಯುತ್ತಿದ್ದವು. ಹಸಿ ಹಣ್ಣು ತರಕಾರಿಗಳ ಅಭಾವದಿಂದ ಬರುವ ಸ್ಕರ್ವಿ ರೋಗದ ಲಕ್ಷಣಗಳಿವು ಎಂಬುದನ್ನು ಇಂದು ಸುಲಭವಾಗಿ ಗುರುತಿಸಬಹುದು. ಆತನ ಪುರೋಹಿತನೂ ಕಾಯಿಲೆ ಬಿದ್ದಿದ್ದನು. ಪೂಜೆಯ ನಡುವೆ ಆತನು ಮೂರ್ಛೆಹೋಗಿ ಬೀಳುವುದನ್ನು ಕಂಡು, ಸ್ವತಃ ಜ್ವರದಿಂದ ಮಲಗಿದ್ದ ಜ್ವಾನ್‌ವಿಲ್ಲನು ಹಾಸಿಗೆಯಿಂದ ಹಾರಿ ಬಂದು ಆತನನ್ನು ತೋಳುಗಳಲ್ಲಿ ಆತುಕೊಂಡನು. ಪುರೋಹಿತನು ಪೂಜೆಯನ್ನು ಕೊನೆಮುಟ್ಟಿಸಿದನು. ಅದೇ ಆತನ ಕೊನೆಯ ಪೂಜೆಯಾಯಿತು.

ಸೆರೆ ಮತ್ತು ಬಿಡುಗಡೆ

1250ರ ಏಪ್ರಿಲ್ ತಿಂಗಳಲ್ಲಿ ಹಿಮ್ಮೆಟ್ಟುತ್ತಿದ್ದ ಸೈನ್ಯವು ಅರಸನೊಡನೆ ಸೆರೆಸಿಕ್ಕಿತು. ಜ್ವಾನ್‌ವಿಲ್ಲನು ನದಿಯ ಮೇಲೆ ದೋಣಿಯಲ್ಲಿದ್ದನು. ಶರಣಾಗದೆ ಎಲ್ಲರೂ ಸತ್ತು ಒಟ್ಟಿಗೆ ಸ್ವರ್ಗಕ್ಕೆ ಹೋಗೋಣವೆಂದು ಆತನ ಉಗ್ರಾಣದವನು ಸಲಹೆಯಿತ್ತನಂತೆ. ಆ ಸಲಹೆಯನ್ನು ತಾವು ಯಾರೂ ನಂಬಲಿಲ್ಲವೆಂದು ಆತನು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾನೆ. ತಾನು ಗಡಗಡನೆ ನಡುಗುತ್ತಿದ್ದೆನೆಂದೂ, ಅದಕ್ಕೆ ಕಾಯಿಲೆಯಷ್ಟೇ ಭಯವೂ ಕಾರಣವೆಂದೂ ಒಪ್ಪಿಕೊಳ್ಳುತ್ತಾನೆ. ಕೊಡಲಿಗಳನ್ನು ಹಿಡಿದ ಯೋಧರು ನೌಕೆಯೊಳಗೆ ನುಗ್ಗಿದಾಗ ಪಕ್ಕದಲ್ಲಿದ್ದ ಒಬ್ಬ ಸರದಾರನು, ಸಾವು ಬಂತೆಂದು ತಿಳಿದು, ಮೊಣಕಾಲೂರಿ ತನ್ನ ಪಾಪಗಳನ್ನೆಲ್ಲ ಈತನಲ್ಲಿ ನಿವೇದಿಸಿಕೊಂಡನು. ಈತನು ಕ್ಷಮೆಯ ಮಾತನ್ನೇನೋ ಹೇಳಿದನು. ಆದರೆ ಎದ್ದು ನಿಂತಾಗ ಆತನು ಹೇಳಿದ್ದರಲ್ಲಿ ಒಂದೂ ನೆನಪಿನಲ್ಲಿ ಉಳಿದಿರಲಿಲ್ಲ. ವೀರಗಾಥೆಗಳನ್ನು ಬರೆಯುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಸಂಗತಿಗಳಿವು.

ಶತ್ರುಗಳ ಒಳ್ಳೆಯತನವನ್ನೂ ಆತನು ಬಿಡಲಿಲ್ಲ. ದೋಣಿಯ ಮೇಲೆ ಕತ್ತಿಗಳು ಎರಗುವ ಹೊತ್ತಿನಲ್ಲಿ ಒಬ್ಬ ಮುಸಲ್ಮಾನನು ಈತನನ್ನು ಅಪ್ಪಿ ಹಿಡಿದು, ಈತನು ಅರಸನ ಬಂಧುವೆಂದು ಕೂಗಿ ಹೇಳಿ ಪ್ರಾಣವುಳಿಸಿದನು. ಮನ್ಸೂರಾದಲ್ಲಿ ಕಾಲಿನ ನರ ಕಡಿದುಹೋಗಿ ನಿಲ್ಲಲಾರದ ಒಬ್ಬ ಫ್ರೆಂಚ್ ಯೋಧನನ್ನು ಮುದಿ ಮುಸಲ್ಮಾನ ಸರದಾರನೊಬ್ಬನು ಮಲವಿಸರ್ಜನೆಗೂ ಸಹ ತನ್ನ ಕುತ್ತಿಗೆಗೆ ಆತುಕೊಳ್ಳುವಂತೆ ಮಾಡಿ ಹೊತ್ತುಕೊಂಡು ಹೋಗುತ್ತಿದ್ದನು. ಧರ್ಮದ್ವೇಷವೇ ಧರ್ಮವೆಂದು ಭಾವಿಸಿದ್ದ ಕಾಲದಲ್ಲಿ ಇಂತಹ ಮಾತುಗಳನ್ನು ಬರೆದಿಡಲು ಕಣ್ಣಿನ ಪ್ರಾಮಾಣಿಕತೆ ಬೇಕು.

ಬಿಡುಗಡೆಯ ಹಣವು 4 ಲಕ್ಷ ಲಿವ್ರ್ ಎಂದು ನಿಶ್ಚಯವಾಯಿತು. ಅರಸನು ತನ್ನ ದೇಹವನ್ನು ಹಣಕ್ಕೆ ತೂಗಲೊಪ್ಪದೆ, ತನಗೆ ಬದಲಾಗಿ ದಮಿಯೆತ್ತಾ ನಗರವನ್ನೂ ತನ್ನ ಜನರಿಗಾಗಿ ಹಣವನ್ನೂ ಕೊಡುವೆನೆಂದನು. ಮೊದಲ ಕಂತಾದ 2 ಲಕ್ಷದಲ್ಲಿ 30,000 ಲಿವ್ರ್ ಕಡಿಮೆ ಬಿದ್ದಿತು. ಟೆಂಪ್ಲರ್ ಎಂಬ ಸಂನ್ಯಾಸಿಯೋಧರ ಪಂಥದವರ ನೌಕೆಯಲ್ಲಿ ಇತರರು ಇಟ್ಟ ನಿಧಿಯಿತ್ತು. ಇಟ್ಟವರಿಗಲ್ಲದೆ ಅನ್ಯರಿಗೆ ಕೊಡೆವೆಂಬ ಪ್ರಮಾಣ ತಮಗಿದೆಯೆಂದು ಅವರು ನಿರಾಕರಿಸಿದರು. ಜ್ವಾನ್‌ವಿಲ್ಲನು ಅಲ್ಲಿಗೆ ಹೋಗಿ, ಕೊಡಲಿಯನ್ನೆತ್ತಿ, ಇದೇ ಅರಸನ ಬೀಗದ ಕೈ ಎಂಬಂತೆ ಪೆಟ್ಟಿಗೆಯ ಮುಂದೆ ನಿಂತನು. ಬಲಾತ್ಕಾರವೆಂದು ಸಾಕ್ಷಿಯಾದ ಮೇಲೆ ಪಂಥದ ಅಧಿಕಾರಿಯು ಕೀಲಿಕೈಗಳನ್ನು ಕೊಡಿಸಿದನು.

ಹಣ ಸಂದಾಯವಾದ ಬಳಿಕ, ತೂಕ ಮಾಡುವಾಗ ಶತ್ರುಗಳಿಗೆ 10,000 ಲಿವ್ರ್ ಮೋಸ ಮಾಡಿದೆವೆಂದು ಒಬ್ಬ ಸರದಾರನು ಹೆಮ್ಮೆಯಿಂದ ಹೇಳಿದನು. ಅರಸನು ಕೋಪಗೊಂಡನು. ಕೊಟ್ಟ ಮಾತಿನಂತೆ ಪೂರ್ಣ ಹಣ ಸಲ್ಲದೆ ತಾನು ಆ ನದಿಯನ್ನು ಬಿಟ್ಟು ಹೊರಡುವವನಲ್ಲವೆಂದು ಸಾರಿದನು. ಶತ್ರುವಿಗೆ ಕೊಟ್ಟ ಮಾತೂ ಮಾತೇ ಎಂಬ ಈ ನಿಲುವನ್ನು ಜ್ವಾನ್‌ವಿಲ್ಲನು ಕಣ್ಣಾರೆ ಕಂಡನು. ಅದನ್ನು ಆಯುಷ್ಯವಿಡೀ ನೆನೆದನು.

ಆಕ್ರ್ ನಗರದ ಸಭೆ

ಬಿಡುಗಡೆಯಾದವರು ಪ್ಯಾಲೆಸ್ಟೈನಿನ ಆಕ್ರ್ ಬಂದರಿಗೆ ಬಂದರು. ಫ್ರಾನ್ಸಿಗೆ ಮರಳಬೇಕೇ, ಇಲ್ಲಿಯೇ ನಿಲ್ಲಬೇಕೇ ಎಂದು ಅರಸನು ಸಭೆ ಕರೆದನು. ಅರಸನ ತಮ್ಮಂದಿರೂ ಹಿರಿಯ ಪ್ರಭುಗಳೂ ಮರಳುವುದೇ ಲೇಸೆಂದರು. ಜ್ವಾನ್‌ವಿಲ್ಲನ ಸರದಿ ಬಂದಾಗ ಆತನು ಎಲ್ಲರ ಮಾತಿಗೂ ವಿರುದ್ಧವಾಗಿ, ಅರಸನು ನಿಲ್ಲಬೇಕೆಂದನು. ಏಕೆಂದರೆ ಈಜಿಪ್ಟಿನ ಸೆರೆಮನೆಗಳಲ್ಲಿ ಬಡಜನರು ಇನ್ನೂ ಉಳಿದಿದ್ದರು. ಅರಸನು ಹೊರಟುಹೋದರೆ ಅವರಿಗೆ ಬಿಡುಗಡೆಯೇ ಇಲ್ಲ. ಊರಿನಿಂದ ಹೊರಡುವಾಗ ಬೂರ್ಲೆಮೋನಿನ ಒಡೆಯನಾದ ಬಂಧುವೊಬ್ಬನು ಆತನಿಗೆ ಒಂದು ಬುದ್ಧಿಮಾತು ಹೇಳಿದ್ದನು: ಯಾವ ಸರದಾರನೇ ಆಗಲಿ, ತನ್ನೊಡನೆ ಬಂದ ದೇವರ ಬಡಮಕ್ಕಳನ್ನು ಶತ್ರುಗಳ ಕೈಯಲ್ಲಿ ಬಿಟ್ಟು ತಾನೊಬ್ಬನೇ ಮರಳಿದರೆ ಅದು ಆತನಿಗೆ ಅಪಕೀರ್ತಿ. ಆ ಮಾತು ಈಗ ಆತನ ನಾಲಿಗೆಯ ಮೇಲೆ ನಿಂತಿತ್ತು.

ಒಬ್ಬಿಬ್ಬರನ್ನುಳಿದು ಮಿಕ್ಕವರೆಲ್ಲ ಆತನನ್ನು ಹೀಯಾಳಿಸಿದರು. ಊಟದ ಹೊತ್ತಿನಲ್ಲಿ ಅರಸನು ತನ್ನೊಡನೆ ಮಾತಾಡದಿದ್ದುದನ್ನು ಕಂಡು ಆತನು ಮನನೊಂದು, ಕಂಬಿಗಳಿದ್ದ ಒಂದು ಕಿಟಕಿಯ ಬಳಿ ಹೋಗಿ ನಿಂತನು. ಹಿಂದಿನಿಂದ ಯಾರೋ ಬಂದು ಹೆಗಲ ಮೇಲೊರಗಿ ತಲೆಯ ಮೇಲೆ ಎರಡೂ ಕೈಗಳನ್ನಿಟ್ಟರು. ಬೇರೊಬ್ಬ ಸರದಾರನು ಕೀಟಲೆ ಮಾಡುತ್ತಿರುವನೆಂದು ಬಗೆದು ಕೊಸರಿಕೊಳ್ಳಹೋದಾಗ, ಬೆರಳಿನ ಪಚ್ಚೆಯುಂಗುರದಿಂದ ಅದು ಅರಸನ ಕೈಯೆಂದು ತಿಳಿಯಿತು. ಹಿರಿಯರೆಲ್ಲರ ಮಾತಿಗೆ ವಿರುದ್ಧವಾಗಿ ಹೇಳಲು ಕಿರಿಯನಾದ ನಿನಗೆ ಧೈರ್ಯ ಹೇಗೆ ಬಂತೆಂದು ಅರಸನು ಕೇಳಿದನು. ತಾನು ಮರಳಿದರೆ ಅದು ತಪ್ಪಾದೀತೇ ಎಂದೂ ಕೇಳಿದನು. ಆದೀತೆಂದು ಈತನು ಉತ್ತರಿಸಿದನು. ಅರಸನು ಕೃತಜ್ಞತೆಯಿಂದ ಆತನನ್ನು ಸಂತೈಸಿ, ನಿಲ್ಲಲು ನಿರ್ಧರಿಸಿದನು. 1254ರವರೆಗೂ ಅಲ್ಲಿಯೇ ಇದ್ದನು. ಮುಂದಿನ ಮಾತುಕತೆಗಳಿಂದ ಅನೇಕ ಬಂದಿಗಳು ಮುಕ್ತರಾದರು.

ಅರಸನೂ ಗೆಳೆಯನೂ

ಈ ಇಬ್ಬರ ಸ್ನೇಹದ ಬಗೆಯನ್ನು ತಿಳಿಸುವ ಪ್ರಸಂಗಗಳು ಅನೇಕವಾಗಿವೆ. ಒಮ್ಮೆ ಅರಸನು, ಕುಷ್ಠರೋಗಿಯಾಗುವುದು ಮೇಲೋ, ಒಂದು ಮಹಾಪಾಪವನ್ನು ಮಾಡುವುದು ಮೇಲೋ ಎಂದು ಪ್ರಶ್ನಿಸಿದನು. ಅರಸನಿಗೆ ಎಂದೂ ಸುಳ್ಳು ಹೇಳದ ಜ್ವಾನ್‌ವಿಲ್ಲನು, ಕುಷ್ಠರೋಗಿಯಾಗುವುದಕ್ಕಿಂತ ಮೂವತ್ತು ಮಹಾಪಾಪಗಳನ್ನಾದರೂ ಮಾಡಿಯೇನೆಂದನು. ಅರಸನು ಅಲ್ಲಿದ್ದವರ ಮುಂದೆ ಏನನ್ನೂ ಹೇಳದೆ, ಮರುದಿನ ಏಕಾಂತದಲ್ಲಿ ಕರೆದು ಕಾಲ ಬಳಿ ಕುಳ್ಳಿರಿಸಿಕೊಂಡು ತಿದ್ದಿದನು: ದೇಹದ ಕುಷ್ಠವು ಸಾವಿನೊಡನೆ ತೀರುವುದು, ಪಾಪವು ಅಷ್ಟಕ್ಕೇ ತೀರದು. ಪವಿತ್ರ ಗುರುವಾರದಂದು ಬಡವರ ಪಾದಗಳನ್ನು ತೊಳೆಯುವೆಯಾ ಎಂದು ಕೇಳಿದಾಗಲೂ, ಆ ಕೀಳುಜನರ ಪಾದಗಳನ್ನು ತಾನು ಮುಟ್ಟೆನೆಂದು ಈತನು ಒರಟಾಗಿಯೇ ಹೇಳಿ ಅರಸನಿಂದ ಬುದ್ಧಿ ಹೇಳಿಸಿಕೊಂಡನು. ಸಂತನ ಚರಿತ್ರೆಯನ್ನು ಬರೆಯುವವನು ತನ್ನನ್ನು ಉತ್ತಮ ಶಿಷ್ಯನೆಂದು ಚಿತ್ರಿಸಿಕೊಳ್ಳುವುದು ಸುಲಭವಾಗಿತ್ತು. ಈತನು ತನ್ನ ಸಣ್ಣತನವನ್ನು ತೋರಿಸಿಯೇ ಅರಸನ ದೊಡ್ಡತನವನ್ನು ತೋರಿಸಿದನು.

ಹಾಗೆಂದು ತಿದ್ದಿಸಿಕೊಳ್ಳುವುದು ಒಂದು ಕಡೆಯದೇ ಆಗಿರಲಿಲ್ಲ. ಸ್ವದೇಶಕ್ಕೆ ಮರಳಿದಾಗ ಕ್ಲೂನಿ ಮಠದ ಅಧಿಪತಿಯು ಅರಸನಿಗೆ ಎರಡು ಬೆಲೆಬಾಳುವ ಸವಾರಿಕುದುರೆಗಳನ್ನು ಕಾಣಿಕೆಯಿತ್ತು, ಮರುದಿನ ಬಂದು ತನ್ನ ಅಹವಾಲನ್ನು ಹೇಳಿಕೊಂಡನು. ಅರಸನು ಬಹಳ ಹೊತ್ತು ಕೇಳಿದನು. ಕುದುರೆಗಳನ್ನು ಕೊಟ್ಟುದರಿಂದಲೇ ಅಷ್ಟು ಹೊತ್ತು ಕೇಳಿದಿರಾ ಎಂದು ಜ್ವಾನ್‌ವಿಲ್ಲನು ನೇರವಾಗಿ ಕೇಳಿಬಿಟ್ಟನು. ಅರಸನು ಆಲೋಚಿಸಿ, ಹೌದೆಂದು ಒಪ್ಪಿಕೊಂಡನು. ಹಾಗಾದರೆ ನಿಮ್ಮ ನ್ಯಾಯಾಧಿಕಾರಿಗಳು ಕಕ್ಷಿಗಾರರಿಂದ ಏನನ್ನೂ ಪಡೆಯದಂತೆ ಕಟ್ಟುಮಾಡಿರೆಂದು ಈತನು ಸಲಹೆಯಿತ್ತನು. ಕೇಳುವ ಧೈರ್ಯವಿದ್ದ ಗೆಳೆಯ, ಒಪ್ಪುವ ಧೈರ್ಯವಿದ್ದ ಅರಸ, ಇಬ್ಬರೂ ಅಪರೂಪದವರು.

ಸಿಜೇರಿಯಾದಲ್ಲಿ ಸೇವೆಯ ಕರಾರನ್ನು ನವೀಕರಿಸುವಾಗ ಈತನು ಕೇಳಿದ್ದು ಹಣವನ್ನಲ್ಲ. ತಾನೇನಾದರೂ ಬೇಡಿದಾಗ ಅರಸನು ಕೋಪಿಸಿಕೊಳ್ಳಬಾರದು, ಅರಸನು ಇಲ್ಲವೆಂದಾಗ ತಾನೂ ಕೋಪಿಸಿಕೊಳ್ಳುವುದಿಲ್ಲ. ಇದೇ ಆತನ ಕರಾರು. ಅರಸನು ಗಟ್ಟಿಯಾಗಿ ನಕ್ಕು ಒಪ್ಪಿದನು. ಅರಸನ ಲೋಪಗಳನ್ನೂ ಈತನು ಬರೆಯದೆ ಬಿಡಲಿಲ್ಲ. ಕಡಲಾಚೆಯ ಐದು ವರ್ಷಗಳಲ್ಲಿ ಅರಸನು ತನ್ನ ಮುಂದೆ ರಾಣಿಯ ಮಾತನ್ನಾಗಲಿ ಮಕ್ಕಳ ಮಾತನ್ನಾಗಲಿ ಎತ್ತಿದವನಲ್ಲವೆಂದೂ, ಹೆಂಡತಿ ಮಕ್ಕಳಿಗೆ ಹಾಗೆ ಪರಕೀಯನಾಗಿರುವುದು ತನಗೆ ಸರಿಕಾಣಲಿಲ್ಲವೆಂದೂ ಸ್ಪಷ್ಟವಾಗಿ ಹೇಳಿದ್ದಾನೆ.

ಈ ಪ್ರವಾಸದಲ್ಲಿ ಕೇಳಿದ ಒಂದು ಕಥೆಯನ್ನು ಭಕ್ತರಾದ ವಾಚಕರಿಗೆ ಇಲ್ಲಿ ಅವಶ್ಯವಾಗಿ ಹೇಳಬೇಕು. ಅರಸನ ದೂತನಾಗಿ ಡಮಾಸ್ಕಸಿಗೆ ಸಂಬಂಧಿಸಿದ ಕಾರ್ಯಕ್ಕೆ ಹೋಗಿದ್ದ ಈವ್ ಎಂಬ, ಅರಬ್ಬೀ ಬಲ್ಲ ಸಂನ್ಯಾಸಿಯು ಬೀದಿಯಲ್ಲಿ ಒಬ್ಬ ಮುದುಕಿಯನ್ನು ಕಂಡನು. ಅವಳ ಬಲಗೈಯಲ್ಲಿ ಬೆಂಕಿಯ ಪಾತ್ರೆ, ಎಡಗೈಯಲ್ಲಿ ನೀರಿನ ಕುಪ್ಪಿಗೆ. ಬೆಂಕಿಯಿಂದ ಸ್ವರ್ಗವನ್ನು ಸುಡುವೆನು, ನೀರಿನಿಂದ ನರಕವನ್ನು ಆರಿಸುವೆನು, ಇನ್ನು ಮೇಲೆ ಯಾರೂ ಆಸೆಯಿಂದಲೂ ಭಯದಿಂದಲೂ ಒಳ್ಳೆಯದನ್ನು ಮಾಡದೆ ದೇವರ ಪ್ರೀತಿಯೊಂದಕ್ಕಾಗಿಯೇ ಮಾಡಲಿ, ಎಂಬುದು ಅವಳ ಆಶಯ. ಎಂಟನೆಯ ಶತಮಾನದ ಬಸ್ರಾ ನಗರದ ಸೂಫಿ ಸಂತೆ ರಾಬಿಯಾಳ ಬಗೆಗೂ ಇದೇ ಕಥೆಯು ಪ್ರಚಲಿತವಾಗಿದೆ. ಮುಸಲ್ಮಾನರ ನಾಡಿನಲ್ಲಿ ಹುಟ್ಟಿದ ನಿಷ್ಕಾಮಭಕ್ತಿಯ ಈ ದೃಷ್ಟಾಂತವು, ಅವರೊಡನೆ ಹೋರಾಡಲು ಹೋದ ಕ್ರೈಸ್ತ ಸರದಾರನ ಗ್ರಂಥದಲ್ಲಿ ನೆಲೆ ಪಡೆಯಿತು. ಕತ್ತಿಗಳು ಗೆಲ್ಲಲಾಗದುದನ್ನು ಒಂದು ಕಥೆಯು ದಾಟಿಬಂದಿತೆನ್ನಬಹುದು.

ಎರಡನೆಯ ಕರೆ

1254ರಲ್ಲಿ ಮನೆಗೆ ಮರಳಿದ ಜ್ವಾನ್‌ವಿಲ್ಲನು ಕಂಡದ್ದು ಬಡವಾಗಿದ್ದ ಪ್ರಜೆಗಳನ್ನು. ಒಡೆಯನಿಲ್ಲದ ಆರು ವರ್ಷಗಳಲ್ಲಿ ಫ್ರಾನ್ಸಿನ ಅರಸನ ಅಧಿಕಾರಿಗಳೂ ನವಾರ್ ಅರಸನ ಅಧಿಕಾರಿಗಳೂ ಅವರನ್ನು ಹಿಂಡಿ ಹಾಳುಮಾಡಿದ್ದರು. ಅವರ ಸ್ಥಿತಿಯನ್ನು ಸರಿಪಡಿಸುವುದರಲ್ಲಿಯೇ ಆತನ ಮುಂದಿನ ವರ್ಷಗಳು ಕಳೆದವು. ನಡುನಡುವೆ ಅರಸನ ಸನ್ನಿಧಿಗೂ ಹೋಗಿಬರುತ್ತಿದ್ದನು.

1267ರ ಮಾರ್ಚ್ ತಿಂಗಳಲ್ಲಿ ಅರಸನು ಪ್ಯಾರಿಸಿಗೆ ಕರೆಯಿಸಿ, ಮತ್ತೊಮ್ಮೆ ಶಿಲುಬೆ ಧರಿಸಿದನು. ತನ್ನೊಡನೆ ಬರುವಂತೆ ಒತ್ತಾಯಪಡಿಸಿದನು. ನವಾರ್ ಅರಸನೂ ಒತ್ತಾಯಪಡಿಸಿದನು. ಜ್ವಾನ್‌ವಿಲ್ಲನ ಉತ್ತರವು ಸಂಕ್ಷಿಪ್ತವೂ ದೃಢವೂ ಆಗಿದ್ದಿತು. ಹಿಂದೆ ತಾನು ಕಡಲಾಚೆಯಿದ್ದಾಗ ನಿಮ್ಮ ಅಧಿಕಾರಿಗಳೇ ನನ್ನ ಜನರನ್ನು ಹಾಳುಮಾಡಿದರು. ದೇವರಿಗೆ ಮೆಚ್ಚುಗೆಯಾದುದನ್ನು ಮಾಡಬೇಕಾದರೆ ನಾನು ಇಲ್ಲಿಯೇ ಇದ್ದು ಅವರನ್ನು ರಕ್ಷಿಸಬೇಕು. ಅವರಿಗೆ ಕೇಡಾಗುವುದೆಂದು ಕಣ್ಣಿಗೆ ಕಾಣುತ್ತಿರುವಾಗಲೂ ಹೊರಟರೆ, ತನ್ನ ಜನರಿಗಾಗಿ ದೇಹವನ್ನೇ ಅರ್ಪಿಸಿದ ದೇವರು ಕೋಪಿಸಿಕೊಂಡಾನು, ಎಂಬುದು ಅದರ ಭಾವ.

ವಿಚಾರಶೀಲರು ಇಲ್ಲಿ ಕ್ಷಣಕಾಲ ನಿಲ್ಲಬೇಕು. 1250ರಲ್ಲಿ ಎಲ್ಲರೂ ಮರಳೋಣವೆಂದಾಗ ನಿಲ್ಲಬೇಕೆಂದವನು ಈತನೇ. ಈಗ ಹೋಗೋಣವೆಂದಾಗ ಹೋಗಲಾರೆನೆಂದವನೂ ಈತನೇ. ಮೇಲುನೋಟಕ್ಕೆ ಇದು ವಿರೋಧವೆಂದು ತೋರುತ್ತದೆ. ಒಳಹೊಕ್ಕು ನೋಡಿದರೆ ಎರಡು ಸಂದರ್ಭಗಳಲ್ಲಿಯೂ ಆತನು ಅನುಸರಿಸಿದ್ದು ಬೂರ್ಲೆಮೋನಿನ ಬಂಧುವು ಹೇಳಿದ ಆ ಒಂದೇ ಮಾತನ್ನು. ನಂಬಿ ಜೊತೆಗೆ ಬಂದ ಬಡವರನ್ನು ಕೈಬಿಟ್ಟು ಮರಳುವುದು ಹೇಗೆ ತಪ್ಪೋ, ನಂಬಿ ಮನೆಯಲ್ಲಿರುವ ಬಡವರನ್ನು ಕೈಬಿಟ್ಟು ಹೊರಡುವುದೂ ಹಾಗೆಯೇ ತಪ್ಪು. ವ್ರತವು ಎಷ್ಟು ಪವಿತ್ರವಾಗಿದ್ದರೂ ಅದಕ್ಕೆ ತೆರುವ ಬೆಲೆಯು ಪರರ ಕಣ್ಣೀರಾದರೆ ಅದು ಪುಣ್ಯವಾಗದೆಂದು ಆತನು ತಿಳಿದನು. ಪವಿತ್ರ ಗುರುವಾರದಂದು ಬಡವರ ಪಾದ ತೊಳೆಯಲೊಲ್ಲದವನು ತನ್ನ ಪಾಡಿಗೆ ತಾನು ಆ ಬಡವರ ಕಾವಲಿಗೆ ನಿಂತನು.

ಯಾತ್ರೆಗೆ ಸಲಹೆಯಿತ್ತವರೆಲ್ಲ ಮಹಾಪಾಪ ಮಾಡಿದರೆಂದೇ ಆತನು ಬರೆದಿದ್ದಾನೆ. ಅರಸನು ಕುದುರೆಯೇರಲೂ ಆಗದಷ್ಟು ನಿತ್ರಾಣನಾಗಿದ್ದನು. ಬೀಳ್ಕೊಡುವ ದಿನ ಜ್ವಾನ್‌ವಿಲ್ಲನು ಆತನನ್ನು ತನ್ನ ತೋಳುಗಳಲ್ಲಿ ಎತ್ತಿಕೊಂಡು ಒಂದು ಮನೆಯಿಂದ ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಮಠದವರೆಗೆ ಹೊತ್ತೊಯ್ದನು. ಆಜ್ಞೆಯನ್ನು ಒಪ್ಪದ ಭಕ್ತನು ಅರಸನನ್ನು ಎತ್ತಿಕೊಂಡ ಆ ದೃಶ್ಯದಲ್ಲಿ ಭಕ್ತಿಯೂ ಅಸಮ್ಮತಿಯೂ ಒಂದೇ ಎದೆಯಲ್ಲಿ ನೆಲೆಸಿರುವುದನ್ನು ಕಾಣಬಹುದು. 1270ರ ಆಗಸ್ಟ್ 25ರಂದು ಲೂಯಿ ಅರಸನು ಟ್ಯೂನಿಸ್ ನಗರದ ಮುಂದಿನ ಶಿಬಿರದಲ್ಲಿ ರೋಗದಿಂದ ಮರಣಹೊಂದಿದನು.

ಗ್ರಂಥ

ಅರಸನಿಗೆ ಸಂತಪದವಿ ಸಲ್ಲುವುದೇ ಎಂಬುದನ್ನು ನಿರ್ಣಯಿಸಲು 1282ರಲ್ಲಿ ಸೇಂಟ್ ಡೆನಿಸ್ ಎಂಬಲ್ಲಿ ವಿಚಾರಣೆ ನಡೆದಾಗ, ಜ್ವಾನ್‌ವಿಲ್ಲನು ಎರಡು ದಿನ ಪ್ರಮಾಣಪೂರ್ವಕ ಸಾಕ್ಷ್ಯ ನುಡಿದನು. 1297ರಲ್ಲಿ ಪೋಪ್ 8ನೆಯ ಬೊನಿಫಾಸನು ಲೂಯಿಯನ್ನು ಸಂತನೆಂದು ಘೋಷಿಸಿದನು. ಮರುವರ್ಷ ನಡೆದ ಉತ್ಸವದಲ್ಲಿ ಪ್ರವಚನಕಾರನು, ಶತ್ರುಗಳಿಗೆ ಸಲ್ಲಬೇಕಾಗಿದ್ದ 10,000 ಲಿವ್ರ್ ಪ್ರಸಂಗವನ್ನೆತ್ತಿ, ಅದಕ್ಕೆ ಸಾಕ್ಷಿಯಾದವನು ಇಲ್ಲಿಯೇ ಕುಳಿತಿರುವನೆಂದು ಈತನನ್ನು ತೋರಿಸಿದನು.

ನವಾರ್ ದೇಶದ ಜಾನ್ ರಾಣಿಯು ಲೂಯಿ ಅರಸನ ಪವಿತ್ರ ಮಾತುಗಳನ್ನೂ ಸತ್ಕಾರ್ಯಗಳನ್ನೂ ಕುರಿತು ಗ್ರಂಥವೊಂದನ್ನು ರಚಿಸಬೇಕೆಂದು ಈತನನ್ನು ಕೋರಿದಳು. ಅವಳು 1305ರಲ್ಲಿ ಗತಿಸಿದಳು. ಗ್ರಂಥವು 1309ರ ಅಕ್ಟೋಬರಿನಲ್ಲಿ ಮುಗಿದು ಅವಳ ಮಗನಿಗೆ ಅರ್ಪಿತವಾಯಿತು. ಆಗ ಲೇಖಕನಿಗೆ ಎಂಬತ್ತೈದರ ಆಸುಪಾಸು. ವಿದ್ವಾಂಸರು ಲ್ಯಾಟಿನ್ನಿನಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಈತನು ಜನರಾಡುವ ಫ್ರೆಂಚ್ ಭಾಷೆಯಲ್ಲಿ, ಮಾತಾಡಿದಂತೆಯೇ ಬರೆಯಿಸಿದನು. ಇದೇ ಶಾಂಪೇನಿನ ವಿಲ್‌ಆರ್ದುಆನ್ ಎಂಬ ಸೇನಾಧಿಕಾರಿಯು 1204ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರವನ್ನು ಗೆದ್ದ ವೃತ್ತಾಂತವನ್ನು ಮೊದಲೇ ಫ್ರೆಂಚ್ ಗದ್ಯದಲ್ಲಿ ಬರೆದಿದ್ದನು. ಅದು ನಾಯಕನ ವರದಿ. ಇದು ಮುದುಕನ ನೆನಪು. ಸಾಹಿತ್ಯದ ವಿದ್ಯಾರ್ಥಿಗಳು ಇವೆರಡನ್ನು ಜೊತೆಗಿಟ್ಟು ನೋಡಬೇಕು. ಜ್ವಾನ್‌ವಿಲ್ಲನಲ್ಲಿ ಕಾಲಕ್ರಮ ತಪ್ಪುತ್ತದೆ, ಹೇಳಿದ್ದೇ ಮತ್ತೆ ಬರುತ್ತದೆ. ಆದರೆ ಪಚ್ಚೆಯುಂಗುರದಂತಹ ಒಂದು ಕಿರುವಿವರದಿಂದ ಇಡೀ ಪ್ರಸಂಗವು ಜೀವ ತಳೆಯುತ್ತದೆ. ತಾನು ಕಂಡು ಕೇಳಿದ್ದಾವುದು, ಪರರಿಂದ ಪಡೆದುದಾವುದು ಎಂಬ ಭೇದವನ್ನೂ ಆತನು ಓದುಗರಿಗೆ ತಿಳಿಸುತ್ತಾನೆ.

ಆತನು ತನ್ನ ಕಾಲದ ಮಿತಿಗಳನ್ನು ಮೀರಿದವನಲ್ಲ. ಯಹೂದ್ಯರ ವಿಷಯದಲ್ಲಿ ಅರಸನು ಆಡಿದ ಕ್ರೂರವಾದ ಮಾತನ್ನು ಒಪ್ಪಿಗೆಯಿಂದಲೇ ಬರೆದಿದ್ದಾನೆ; ಅನ್ಯಧರ್ಮದ ಬಗೆಗೆ ನಿಂದೆಯ ನುಡಿಗಳೂ ಉಂಟು. ಇದನ್ನು ಮರೆಮಾಚಿ ಆತನನ್ನು ಹೊಗಳಿದರೆ ಆತನ ಗ್ರಂಥದಿಂದ ನಾವು ಏನನ್ನೂ ಕಲಿತಂತಾಗದು.

ಕೊನೆಯವರೆಗೂ ಆತನ ನೇರನಡೆ ಕುಗ್ಗಲಿಲ್ಲ. ಲೂಯಿಯ ಮೊಮ್ಮಗನಾದ 4ನೆಯ ಫಿಲಿಪ್ಪನ ತೆರಿಗೆಗಳನ್ನು ವಿರೋಧಿಸಿದ ಸರದಾರರ ಕೂಟದಲ್ಲಿ 1314ರಲ್ಲಿ ತೊಂಬತ್ತರ ಮುದುಕನೂ ಸೇರಿದ್ದನು. 1317ರ ಡಿಸೆಂಬರ್ 24ರಂದು ತೀರಿಕೊಂಡನು. ಆತನು ಅರ್ಪಿಸಿದ ಮೂಲಪ್ರತಿ ಕಳೆದುಹೋಗಿದೆ. ಹದಿನಾಲ್ಕನೆಯ ಶತಮಾನದ ಒಂದು ಹಸ್ತಪ್ರತಿಯು ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. 1547ರಲ್ಲಿ ಗ್ರಂಥವು ಮೊದಲು ಅಚ್ಚಾಯಿತು.

ಅರಸನು ಸತ್ತ ಎಷ್ಟೋ ವರ್ಷಗಳ ಮೇಲೆ ಜ್ವಾನ್‌ವಿಲ್ಲನಿಗೊಂದು ಕನಸು ಬಿತ್ತು. ಲೂಯಿಯು ತನ್ನ ಕೋಟೆಯ ಪ್ರಾರ್ಥನಾಮಂದಿರದ ಮುಂದೆ ನಗುನಗುತ್ತ ನಿಂತಿದ್ದನು. ಹತ್ತಿರದ ಹಳ್ಳಿಯ ತನ್ನ ಮನೆಯಲ್ಲಿ ಇಳಿಸಿಕೊಳ್ಳುವೆನೆಂದು ಈತನು ಹೇಳಲು, ಇಲ್ಲಿಂದ ಅಷ್ಟು ಬೇಗ ಹೊರಡುವ ಮನಸ್ಸಿಲ್ಲವೆಂದು ಅರಸನು ನಕ್ಕನಂತೆ. ಎಚ್ಚೆತ್ತವನು ಅಲ್ಲಿ ಆತನ ಹೆಸರಿನಲ್ಲಿ ಒಂದು ಪೂಜಾವೇದಿಯನ್ನು ಕಟ್ಟಿಸಿ, ನಿತ್ಯಸೇವೆಗೆ ಉಂಬಳಿ ಬಿಟ್ಟನು. ಕರೆದಾಗ ಜೊತೆಗೆ ಬರಲಿಲ್ಲವೆಂಬ ಮುನಿಸು ಕನಸಿನ ಅರಸನ ಮುಖದಲ್ಲಿ ಇರಲಿಲ್ಲ. ತಲೆಬಾಗುವುದೊಂದೇ ಭಕ್ತಿಯಲ್ಲ, ತಪ್ಪೆನಿಸಿದಲ್ಲಿ ತಲೆಯೆತ್ತಿ ನುಡಿಯುವುದೂ ಭಕ್ತಿಯ ಲಕ್ಷಣವೆಂಬುದಕ್ಕೆ ಈ ಸರದಾರನ ಬಾಳು ಸಾಕ್ಷಿಯಾಗಿದೆ.